ಟೀಚರಿಗೆ ಗೊತ್ತಾಗಬೇಕಲ್ರಿ, ಆಂಟಿ

2025ರ ಆಗಸ್ಟ್ 19, ಮಂಗಳವಾರ. ಆ ದಿನ ಮುಂಬೈಯಲ್ಲಿ ಇದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಂಟ್ರಲ್ ಲೈನಿನ ಲೋಕಲ್ ನಿಂತಿತ್ತು, ಮಿಠಿ ನದಿ ಉಕ್ಕಿತ್ತು, ಪಾಲಿಕೆ ಶಾಲೆಗಳಿಗೆ ರಜೆ ಕೊಟ್ಟಿತ್ತು. ಘಾಟ್ಕೋಪರಿನ ನಮ್ಮ ಮನೆಯಲ್ಲಿ ಮಾತ್ರ ಮಗಳಿಗೆ ಪೂರ್ತಿ ರಜೆ ಇರಲಿಲ್ಲ. ಒಂದು ತಾಸು ಆನ್‌ಲೈನ್ ಕ್ಲಾಸ್ ಇದೆ ಅಂತ ಬೆಳಿಗ್ಗೆಯೇ ಮೆಸೇಜ್ ಬಂತು. ಅವಳು ಮೂರನೇ ತರಗತಿ.

ಅವಳ ಪಕ್ಕ ಇನ್ನೊಬ್ಬನೂ ಕೂತಿದ್ದ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಮಗ. ಅವರು ವಿಜಯಪುರ ಜಿಲ್ಲೆಯವರು. ಕೆಳಗಿನ ಅವರ ಖೋಲಿಗೆ ನೀರು ನುಗ್ಗಿತ್ತು. ಹುಡುಗನನ್ನೂ ಅವನ ಪುಸ್ತಕದ ಚೀಲವನ್ನೂ ಮೇಲೆ ಕರೆತಂದಿದ್ದೆ. ಅವನು ಪಾಲಿಕೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ. ಹೌದು, ಮುಂಬೈ ಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಆ ಮಕ್ಕಳಿಗೆ ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕಿಸುತ್ತದೆ. ಊರಿಗೆ ಬಂದಾಗ ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಕನ್ನಡ ಶಾಲೆ ಅಂದರೆ ನಮ್ಮ ನೆಂಟರಲ್ಲೇ ಎಷ್ಟು ಜನ ಮೂಗು ಮುರಿಯುತ್ತಾರೆ! ಇಲ್ಲಿ ಈ ಹುಡುಗ ಗೋಡೆಗೆ ಒರಗಿ ಕನ್ನಡ ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದುತ್ತಿದ್ದ. ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದು ಇನ್ನೊಂದು ನೋವು, ಇರಲಿ.

ಕ್ಲಾಸಿನಲ್ಲಿ ಭಾಗಾಕಾರ ನಡೆದಿತ್ತು. 17 ಮಾವಿನ ಹಣ್ಣನ್ನು 5 ಮಕ್ಕಳಿಗೆ ಸಮ ಹಂಚಿದರೆ ಎಷ್ಟು ಉಳಿಯುತ್ತವೆ ಅಂತ ಟೀಚರ್ ಮಗಳ ಹೆಸರು ಹಿಡಿದು ಕೇಳಿದರು. ಅವಳು ಸುಮ್ಮನಾದಳು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿದ್ದೆ. ಎರಡು ಬೆರಳು ತೋರಿಸಿದೆ. ಅವಳು "ಟೂ" ಅಂದಳು. "ವೆರಿ ಗುಡ್" ಅಂದು ಟೀಚರ್ ಮುಂದಿನ ಮಗುವಿನ ಹತ್ತಿರ ಹೋದರು.

ಹುಡುಗ ಪುಸ್ತಕದಿಂದ ತಲೆ ಎತ್ತಿ ಕೇಳಿದ:

"ಆಂಟಿ, ನೀವ್ಯಾಕ ಹೇಳಿದ್ರಿ? ಆಕಿಗೆ ಬರೂದಿಲ್ಲ ಅಂತ ಟೀಚರಿಗೆ ಗೊತ್ತಾಗಬೇಕಲ್ರಿ."

ಆಕ್ಷೇಪದ ದನಿ ಅಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ್ದ. ನಾನು ಏನೂ ಹೇಳದೆ ಒಳಗೆ ಹೋಗಿ ಕುಕ್ಕರ್ ಇಟ್ಟೆ. ನಿಜ ಹೇಳಬೇಕೆಂದರೆ, ಕಣ್ಣು ತುಂಬಿತ್ತು. ನೆನಪಾದದ್ದು ಮಗಳಲ್ಲ, ಮಗ.

2020ರ ಜೂನ್‌ನಲ್ಲಿ ಅವನು ಒಂದನೇ ತರಗತಿಗೆ ಬಂದ. ಶಾಲೆಯ ಬಾಗಿಲು ನೋಡದೆಯೇ ಆ ವರ್ಷ ಮುಗಿಯಿತು. ಒಂದರಿಂದ ಎಂಟರವರೆಗಿನ ಮಕ್ಕಳಿಗೆ ದಿನಕ್ಕೆ ಎರಡು ಕ್ಲಾಸಿಗಿಂತ ಜಾಸ್ತಿ ಬೇಡ, ಒಂದೊಂದೂ 30ರಿಂದ 45 ನಿಮಿಷ ಇರಲಿ ಅಂತ ಕೇಂದ್ರ ಸರ್ಕಾರ 'ಪ್ರಜ್ಞಾತ' ಎಂಬ ಮಾರ್ಗಸೂಚಿಯಲ್ಲಿ ಹೇಳಿತ್ತು. ಮಗುವಿಗೆ ಅಷ್ಟೇ ಸಾಕು. ನನಗೆ ಸಾಕಾಗಲಿಲ್ಲ. ಅವನು ಹಿಂದೆ ಬಿದ್ದರೆ ಅನ್ನುವ ಭಯ. ಟೀಚರ್ ಪ್ರಶ್ನೆ ಕೇಳಿದ ತಕ್ಷಣ ನಾನು ಪಿಸುಗುಟ್ಟುತ್ತಿದ್ದೆ. ವರ್ಕ್‌ಶೀಟಿನಲ್ಲಿ ಅವನ ಕೈ ಹಿಡಿದು ಬರೆಸುತ್ತಿದ್ದೆ. ಫೋಟೊ ತೆಗೆದು ಕಳಿಸಿದರೆ ಗ್ರೂಪಿನಲ್ಲಿ ಸ್ಟಾರ್ ಬರುತ್ತಿತ್ತು. ನಾನು ಒಳ್ಳೆಯ ತಾಯಿ ಅಂತ ಆ ಸ್ಟಾರ್ ನೋಡಿ ನಂಬಿದೆ.

2021ರ ಡಿಸೆಂಬರ್ 15ಕ್ಕೆ ಮುಂಬೈಯಲ್ಲಿ ಒಂದರಿಂದ ಏಳರವರೆಗಿನ ತರಗತಿ ತೆರೆದವು. ಅಷ್ಟರಲ್ಲಿ ಅವನು ಎರಡನೆಯ ತರಗತಿ. ಕೆಲವು ದಿನ ಕಳೆದ ಮೇಲೆ ಟೀಚರ್ ಕರೆಸಿ ಮೆಲ್ಲಗೆ ಹೇಳಿದರು: "ಹುಡುಗ ಚೂಟಿ ಇದ್ದಾನೆ. ಆದರೆ ಏನು ಕೇಳಿದರೂ ಮೊದಲು ಪಕ್ಕಕ್ಕೆ ತಿರುಗಿ ನೋಡುತ್ತಾನೆ."

ಪಕ್ಕದಲ್ಲಿ ಅವನು ಹುಡುಕುತ್ತಿದ್ದದ್ದು ನನ್ನನ್ನು. ಆ ಅಭ್ಯಾಸ ಹೋಗಲು ವರ್ಷ ಹಿಡಿಯಿತು. ಈಗ ಮಗಳಿಗೆ ನಾನು ಅದನ್ನೇ ಮಾಡಿದ್ದೆ.

ಮಧ್ಯಾಹ್ನ ವೈನಿಗೆ ಫೋನ್ ಮಾಡಿದೆ. ಅಣ್ಣನ ಹೆಂಡತಿ, ಹಾವೇರಿ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 2020ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ, ಶಾಲೆ ಮುಚ್ಚಿದ್ದ ಕಾಲಕ್ಕೆ ಟೀಚರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಶುರುವಾದಾಗ ಓಣಿ ಓಣಿಗೆ ಹೋಗಿ, ಗುಡಿಯ ಕಟ್ಟೆ ಮೇಲೆ, ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂರಿಸಿ ಕಲಿಸಿದವರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದು ನಿಂತಾಗ ಬಹಳ ನೊಂದುಕೊಂಡಿದ್ದರು. ಆಗ ನಾನು, ಪಾಪ, ಊರ ಮಕ್ಕಳಿಗೆ ಲ್ಯಾಪ್‌ಟಾಪ್ ಇಲ್ಲ ಅಂದುಕೊಂಡಿದ್ದೆ. ವೈನಿಯ ಎದುರು ಕೂತ ಮಕ್ಕಳಿಗೆ ಸಿಕ್ಕಿದ್ದು ನನ್ನ ಮಗನಿಗೆ ಸಿಗಲಿಲ್ಲ ಅಂತ ಈಗ ಅನ್ನಿಸುತ್ತದೆ.

ನಡೆದದ್ದನ್ನು ಕೇಳಿ ವೈನಿ ಹಳೆಯ ಒಂದು ವಿಷಯ ಹೇಳಿದರು. ಆಕಾಶವಾಣಿಯಲ್ಲಿ 'ಚಿಣ್ಣರ ಚುಕ್ಕಿ' ಅಂತ ಶಾಲಾ ಮಕ್ಕಳ ಪಾಠ ಬರುತ್ತಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹಾಡು, ಕತೆ, ನಡುವೆ ಪ್ರಶ್ನೆ. ಪ್ರಶ್ನೆ ಕೇಳಿದ ಮೇಲೆ ರೇಡಿಯೊ ಒಂದಷ್ಟು ಹೊತ್ತು ಸುಮ್ಮನಾಗುತ್ತಿತ್ತು. ಮಕ್ಕಳು ಉತ್ತರ ಹೇಳಲಿ ಅಂತಲೇ ಬಿಟ್ಟ ಜಾಗ ಅದು.

"ಮೊದಲ ದಿನ ಆ ಸುಮ್ಮನಿದ್ದದ್ದನ್ನ ತಡಕೊಳ್ಳಾಕ ಆಗದ ನಾನಽ ಉತ್ತರ ಹೇಳಿಬಿಟ್ಟೆ," ಅಂದರು ವೈನಿ. "ಹೆಡ್ ಮಾಸ್ತರು ಬಾಗಿಲದಾಗ ನಿಂತಿದ್ರು. ಅದು ಹುಡುಗರ ಪಾಳಿರಿ, ನಿಮ್ಮದಲ್ಲ ಅಂದ್ರು."

ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲಿತ್ತು. ಮನೆಯಲ್ಲಿ ಕಲಿಯುವ ಮಗುವಿಗೆ ನಾವು ಟೇಬಲ್ ಕೊಡಿಸುತ್ತೇವೆ, ಹೆಡ್‌ಫೋನ್ ಕೊಡಿಸುತ್ತೇವೆ, ವೈ-ಫೈ ಹಾಕಿಸುತ್ತೇವೆ. ಆ ಪಾಳಿಯನ್ನು ಮಾತ್ರ ನಾವೇ ತೆಗೆದುಕೊಂಡುಬಿಡುತ್ತೇವೆ. ಊರಲ್ಲೂ ಈಗ ಹಾಗೆಯೇ ಆಗಿದೆ. ಹೋದ ಬೇಸಿಗೆಯಲ್ಲಿ ನೋಡಿದೆ, ನನ್ನ ತಂಗಿ ಎರಡನೇ ತರಗತಿಯ ಮಗನ ಪ್ರಾಜೆಕ್ಟನ್ನು ರಾತ್ರಿ ಹನ್ನೊಂದರವರೆಗೆ ಕೂತು ತಾನೇ ಮಾಡುತ್ತಿದ್ದಳು. ಮಗು ಮಲಗಿತ್ತು.

ಸಂಜೆಯಾದರೂ ಮಳೆ ನಿಲ್ಲಲಿಲ್ಲ. ಹುರಿದು ಸಿಪ್ಪೆ ತೆಗೆದ ಶೇಂಗಾ 17 ಕಾಳು ಎಣಿಸಿ, ಐದು ಬಟ್ಟಲು ತಂದು ಮಕ್ಕಳ ಮುಂದೆ ಇಟ್ಟೆ. ಸಮ ಹಂಚು ಅಂದೆ ಮಗಳಿಗೆ, ಅಷ್ಟೇ. ಅವಳು ಒಂದೊಂದಾಗಿ ಹಾಕುತ್ತಾ ಮೂರು ಸುತ್ತು ಬಂದಳು. ಎರಡು ಕಾಳು ಅಂಗೈಯಲ್ಲಿ ಉಳಿದವು. ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿ ಕಡೆ ನೋಡಿದೆ. ಹುಡುಗ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಬಹಳ ಹೊತ್ತಾಯಿತು ಅನ್ನಿಸಿತು. ನಿಜವಾಗಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅವಳು ಒಂದು ಕಾಳನ್ನು ಉಗುರಿನಿಂದ ಎರಡು ಬೇಳೆ ಮಾಡಿದಳು. ಇನ್ನೊಂದನ್ನೂ ಮಾಡಿದಳು. ನಾಲ್ಕು ಬಟ್ಟಲಿಗೆ ನಾಲ್ಕು ಬೇಳೆ ಬಂತು. ಐದನೆಯದರ ಮುಂದೆ ಕೈ ನಿಂತಿತು.

"ಇನ್ನೂ ಸಣ್ಣದು ಮಾಡಬೇಕು," ಅಂದಳು ತನಗೆ ತಾನೇ. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು: "ಅಮ್ಮ, ಚಾಕು ಎಲ್ಲಿದೆ?"