ಸೋಮವಾರದ ತೂಕ ನಿಲ್ಲಿಸಿದೆ

ಮೈಸೂರಿನ ಒಂದು ಜಿಮ್‌ನಲ್ಲಿ ಟ್ರೇನರ್ ಆಗಿದ್ದೇನೆ. ಮೊದಲ ಮೂರು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರ ತೂಕ ನೋಡಿ ಗೋಡೆಯ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಅದರಿಂದ ಜನರಿಗೆ ಹುರುಪು ಬರುತ್ತದೆ ಎಂದು ನಂಬಿದ್ದೆ.

ಒಬ್ಬ ಟೀಚರ್ ಬರುತ್ತಿದ್ದರು. ವಯಸ್ಸು ಐವತ್ತರ ಹತ್ತಿರ. ಸೇರಿದಾಗ ಕುರ್ಚಿಯಿಂದ ಏಳಲು ಕೈ ಊರಬೇಕಿತ್ತು. ನಾಲ್ಕು ತಿಂಗಳಲ್ಲಿ ನೆಲದ ಮೇಲೆ ಕೂತು ಏನೂ ಹಿಡಿಯದೆ ಏಳುವಷ್ಟಾದರು. ಒಂದು ಭಾನುವಾರ ಫೋನ್ ಮಾಡಿದರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದರು. ನಂದಿ ಹತ್ತಿರ ಒಮ್ಮೆ ಮಾತ್ರ ಕೂತೆ ಎಂದರು. ದನಿಯಲ್ಲಿ ಎಷ್ಟು ಸಂತೋಷ!

ಮರುದಿನ ಸೋಮವಾರ. ತೂಕ ಅರ್ಧ ಕೆಜಿ ಜಾಸ್ತಿ ಇತ್ತು. ಬೋರ್ಡ್ ಮೇಲೆ ಬರೆದೆ. "ರಾತ್ರಿ ಊಟ ಸ್ವಲ್ಪ ನೋಡಿಕೊಳ್ಳಿ ಮೇಡಂ" ಅಂದೆ. ಬೆಟ್ಟದ ಮಾತೇ ಎತ್ತಲಿಲ್ಲ. ಆ ವಾರದಿಂದ ಅವರು ಬರುವುದು ನಿಂತಿತು.

ಆ ಅರ್ಧ ಕೆಜಿ ಬರೀ ನೀರಾಗಿರಬಹುದು. ಕಷ್ಟದ ವ್ಯಾಯಾಮ ಆದ ಮೇಲೆ ನೊಂದ ಸ್ನಾಯುಗಳಲ್ಲಿ ನೀರು ನಿಲ್ಲುತ್ತದೆ. ಉಪ್ಪು ಜಾಸ್ತಿ ತಿಂದರೂ ಅಷ್ಟೇ. ಸ್ನಾಯುವಿನಲ್ಲಿ ಕೂಡಿಡುವ ಸಕ್ಕರೆಗೆ ಗ್ಲೈಕೋಜನ್ ಎನ್ನುತ್ತಾರೆ; ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಒಂದೇ ದಿನದಲ್ಲಿ ತೂಕ ಒಂದು ಕೆಜಿ ಆಚೀಚೆ ಆಗುವುದು ಮಾಮೂಲು. ಇದನ್ನೆಲ್ಲ ನಾನು ಓದಿದ್ದೆ. ಆದರೂ ಆ ಮಾತು ಬಾಯಿಂದ ಬಂತಲ್ಲ, ಅದೇ ನನಗೆ ಇವತ್ತಿಗೂ ನೋವು.

ಅದೇ ಬೋರ್ಡ್‌ನಲ್ಲಿ ಇನ್ನೊಬ್ಬರ ತೂಕ ಸದಾ ಸರಿಯಾಗಿತ್ತು. ತೆಳ್ಳಗಿನ ಕೈಕಾಲು, ಸ್ವಲ್ಪ ಹೊಟ್ಟೆ. ಅವರಿಗೇ ಸಕ್ಕರೆ ಕಾಯಿಲೆ ಬಂತು. ನಮ್ಮ ಭಾರತೀಯರಲ್ಲಿ ಇದು ಅಪರೂಪವಲ್ಲ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇಬ್ಬರು ವೈದ್ಯರ ಫೋಟೋ ಹಾಕಿತ್ತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಹೇಗೆ ಕಾಣಬೇಕು?

ಬೋರ್ಡ್ ಒರೆಸಿಬಿಟ್ಟೆ. ಈಗ ಹೊಸಬರು ಬಂದರೆ ಮೊದಲು ಒಂದು ಕುರ್ಚಿ ಹಾಕುತ್ತೇನೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುತ್ತೇನೆ. ಮೆಟ್ಟಿಲು ಹತ್ತಿಸಿ, ನಿಂತ ಒಂದು ನಿಮಿಷಕ್ಕೆ ನಾಡಿ ಎಷ್ಟು ಇಳಿಯಿತು ನೋಡುತ್ತೇನೆ. ಸೊಂಟದ ಸುತ್ತಳತೆಯನ್ನು ಅವರೇ ಅಳೆದುಕೊಳ್ಳುತ್ತಾರೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ನಿದ್ದೆ ಹೇಗಿದೆ ಎಂದೂ ಕೇಳುತ್ತೇನೆ. ಎಲ್ಲವೂ ಅವರವರ ಪುಸ್ತಕದಲ್ಲಿ ಇರುತ್ತದೆ, ಗೋಡೆ ಮೇಲಲ್ಲ.

ಟೀಚರ್ ಮನೆಗೆ ಹೋಗಿ ಕ್ಷಮೆ ಕೇಳಿದೆ. ಜಿಮ್‌ಗೆ ಮತ್ತೆ ಬರುವ ಮನಸ್ಸಿಲ್ಲ ಎಂದರು, ಕಾಫಿ ಕೊಟ್ಟರು. ಬೆಟ್ಟ ಮಾತ್ರ ಬಿಟ್ಟಿಲ್ಲವಂತೆ. ಈಗ ನಂದಿ ಹತ್ತಿರವೂ ಕೂರುವುದಿಲ್ಲವಂತೆ.