ಅಂಟು ಬಿಟ್ಟ ಅಕ್ವೇರಿಯಂ: ಖರ್ಚು ವಸೂಲಿ ಎಲ್ಲಿಗೆ ಬಂತು

ಜುಲೈ, ಎರಡನೇ ವಾರ

ಮುಂಬೈಯ ಮುಲುಂಡ್ ಮನೆಯ ನಾಲ್ಕಡಿ ಟ್ಯಾಂಕಿನ ತಳದ ಅಂಟು ರಾತ್ರಿ ಬಿಟ್ಟುಕೊಂಡಿತು. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಪೂರ್ತಿ ತುಂಬಿದರೆ ಸುಮಾರು 255 ಲೀಟರ್ ಹಿಡಿಯುತ್ತದೆ. ಏಂಜೆಲ್ ಮೀನುಗಳಲ್ಲಿ ಕೆಲವನ್ನು ಬಕೆಟ್‌ಗೆ ಹಾಕಿ ಉಳಿಸಿಕೊಂಡೆವು. ಟಿವಿ ಯೂನಿಟ್, ಬಟ್ಟೆ ಕಪಾಟಿನ ಬುಡ, ಇನ್‌ವರ್ಟರ್ ಹಾಳಾದವು. ಕೆಳಗಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಅವರ ಹಾಲ್‌ನಲ್ಲಿ ಪಿಒಪಿ ಸೀಲಿಂಗ್ ಒಂದು ಮೂಲೆ ಕಳಚಿ ಬಿತ್ತು. ಮಳೆಗಾಲದ ಮುಂಬೈಯಲ್ಲಿ ಒದ್ದೆ ಪ್ಲೈವುಡ್ ಒಣಗುವುದೇ ಇಲ್ಲ, ಉಬ್ಬಿದ್ದು ಉಬ್ಬಿದ ಹಾಗೇ ಉಳಿಯಿತು.

ಮೇನ್ ಸ್ವಿಚ್ ಆರಿಸಿ, ಒರೆಸುವ ಮೊದಲೇ ವಿಡಿಯೋ ಮಾಡಿಕೊಂಡೆವು. ವಕೀಲನಾಗಿರುವ ತಮ್ಮ ಫೋನಿನಲ್ಲಿ ಒಂದೇ ಮಾತು ಹೇಳಿದ: "ಅಕ್ಕಾ, ಒಂದು ತುಂಡು ಗಾಜನ್ನೂ ಎಸೀಬೇಡ." ಹಾಗಾಗಿ ಟ್ಯಾಂಕ್ ಬಾಲ್ಕನಿಯಲ್ಲಿ ಬೆಡ್‌ಶೀಟ್ ಸುತ್ತಿಕೊಂಡು ನಿಂತಿದೆ.

ಜುಲೈ, ಮೂರನೇ ವಾರ

ಟ್ಯಾಂಕ್ ಯಾಕೆ ಹೋಯಿತು ಅನ್ನೋದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ದುಡ್ಡು ಯಾರು ಕೊಡಬೇಕು ಅನ್ನೋದು ಅದರ ಮೇಲೇ ನಿಂತಿದೆ. ಡೊಂಬಿವ್ಲಿಯಲ್ಲಿ ಟ್ಯಾಂಕ್ ಕಟ್ಟುವ ಗದಗದ ಗೆಳೆಯರೊಬ್ಬರು ಬಂದು ನೋಡಿದರು. ಮುಂದಿನ ಗಾಜಿನ ಅಂಚನ್ನು ಬೆರಳಿನಿಂದ ಸವರಿ, "ಅಕ್ಕಾರ, ಸಿಲಿಕಾನ್ ಹರದಿಲ್ಲ ನೋಡ್ರಿ, ಗಾಜ್ ಬಿಟ್ಟು ಎದ್ದೈತಿ" ಅಂದರು.

ಇದು ದೊಡ್ಡ ವ್ಯತ್ಯಾಸ. ಗಾಜು ಜೋಡಿಸುವ ಅಂಟಾದ ಸಿಲಿಕಾನ್ ನಡುವೆ ಹರಿದು, ಎರಡೂ ಗಾಜಿನ ಮೇಲೆ ಸ್ವಲ್ಪ ಸ್ವಲ್ಪ ಉಳಿದಿದ್ದರೆ ಅಂಟು ಸರಿಯಾಗಿ ಹಿಡಿದಿತ್ತು, ಆದರೆ ಭಾರ ತಡೆಯಲಿಲ್ಲ ಅಂತ ಅರ್ಥ. ನಮ್ಮದರಲ್ಲಿ ಒಂದು ಗಾಜು ಪೂರ್ತಿ ಸ್ವಚ್ಛ. ಸಿಲಿಕಾನ್ ಹಾಲಿನ ಕೆನೆ ಎದ್ದ ಹಾಗೆ ಇಡೀ ಪಟ್ಟಿಯಾಗಿ ಎದ್ದು ಬಂದಿದೆ. ಕಟ್ಟುವಾಗ ಗಾಜಿನ ಮೇಲೆ ಎಣ್ಣೆ, ಧೂಳು ಅಥವಾ ತೇವ ಇದ್ದರೆ ಹೀಗಾಗುತ್ತದೆ. ನೀರು 42 ಸೆಂಟಿಮೀಟರ್ ಎತ್ತರ ಇದ್ದರೂ ಮುಂದಿನ ಗಾಜನ್ನು 100 ಕಿಲೋಗೂ ಜಾಸ್ತಿ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಆ ಬಲವನ್ನು ತಡೆಯೋದು ಈ ಅಂಟೇ ಅಲ್ವಾ?

ಟ್ಯಾಂಕ್ ಕಟ್ಟಿ ಮಾರಿದ ಅಂಗಡಿಯವರು ಸ್ಟ್ಯಾಂಡ್ ಓರೆ ಇದ್ದಿರಬೇಕು ಎಂದಿದ್ದಾರೆ. ಸ್ಟ್ಯಾಂಡ್ ಅಲುಗಿಸದೆ ರಸಮಟ್ಟ ಇಟ್ಟು ಫೋಟೋ ತೆಗೆದಿದ್ದೇವೆ, ಮಟ್ಟ ಸರಿಯಿದೆ. ಸ್ಟ್ಯಾಂಡ್ ತಿರುಚಿದ್ದರೆ ಸಾಮಾನ್ಯವಾಗಿ ಗಾಜು ಸೀಳುತ್ತದೆ. ಇಲ್ಲಿ ಒಂದು ಗಾಜೂ ಸೀಳಿಲ್ಲ.

ಜುಲೈ ಕೊನೆ

ಕಾಕು ಅವರಿಗೆ ಸೀಲಿಂಗ್ ರಿಪೇರಿಯ ಹಣ ಕೊಟ್ಟೆವು. ವಿಮೆ ಬರಲಿ, ಅಂಗಡಿ ಒಪ್ಪಲಿ ಅಂತ ಅವರನ್ನು ಕಾಯಿಸುವುದು ನನಗೆ ಸರಿ ಕಾಣಲಿಲ್ಲ. ಟ್ಯಾಂಕ್ ಇಟ್ಟವರು ನಾವು, ಅವರದು ಇದರಲ್ಲಿ ಏನೂ ಇಲ್ಲ. ಪೇಂಟರ್ ಬಿಲ್, ಹಣ ಪಡೆದ ರಸೀದಿ, ಸೊಸೈಟಿ ಸೆಕ್ರೆಟರಿಯ ಪತ್ರ, ಮೂರನ್ನೂ ಇಟ್ಟುಕೊಂಡಿದ್ದೇವೆ.

ಆಗಸ್ಟ್

ವಿಮೆಯ ಕಡೆ ಒಳ್ಳೆಯ ಸುದ್ದಿ. ನಮ್ಮದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಬಂದಿರುವ ಪಾಲಿಸಿ ಇದು, ಎಲ್ಲ ಕಂಪನಿಗಳಲ್ಲೂ ನಿಯಮ ಒಂದೇ. ನೀರಿನ ಟ್ಯಾಂಕ್, ಉಪಕರಣ, ಪೈಪ್ ಒಡೆದು ಅಥವಾ ತುಂಬಿ ಹರಿದು ಆದ ಹಾನಿ ಅದರಲ್ಲಿ ಸೇರಿದೆ. ಅಕ್ವೇರಿಯಂ ಇದರೊಳಗೆ ಬರುತ್ತದಾ ಎಂದು ನಷ್ಟ ಅಂದಾಜು ಮಾಡುವ ಸರ್ವೇಯರ್ ಕೇಳಿದರು. ನೀರು ತುಂಬಿದ ಟ್ಯಾಂಕ್, ಫಿಲ್ಟರ್ ಜೋಡಿಸಿದ ಉಪಕರಣ ಎಂದು ಲಿಖಿತವಾಗಿ ಕೊಟ್ಟೆವು. ಟಿವಿ ಯೂನಿಟ್, ಕಪಾಟು, ಇನ್‌ವರ್ಟರ್ ಒಪ್ಪಿದ್ದಾರೆ. ಟ್ಯಾಂಕ್, ಮೀನು, ಕಾಕು ಮನೆಯ ಖರ್ಚು ಒಪ್ಪಿಲ್ಲ.

ವಿಮೆ ಕೊಟ್ಟ ನಷ್ಟವನ್ನೇ ಅಂಗಡಿಯಿಂದ ಮತ್ತೆ ಕೇಳುವಂತಿಲ್ಲ. ಆ ಹಕ್ಕು ವಿಮಾ ಕಂಪನಿಗೆ ಹೋಗುತ್ತದೆ. ಆದ್ದರಿಂದ ಲೆಕ್ಕವನ್ನು ಎರಡು ಹಾಳೆ ಮಾಡಿದೆ. ಒಂದು ವಿಮೆಯದು, ಇನ್ನೊಂದು ಅಂಗಡಿಯದು.

ಸೆಪ್ಟೆಂಬರ್

ಈಗ ಅಂಗಡಿಯ ಹಾಳೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವೇ ಇದೆ. ಕೆಟ್ಟ ವಸ್ತುವಿನಿಂದ ಬೇರೆ ಆಸ್ತಿಗೆ ಹಾನಿಯಾದರೆ ತಯಾರಿಸಿದವರನ್ನು ಅದರಡಿ ಕೇಳಬಹುದು. ಆ ಅಧ್ಯಾಯದ ಲೆಕ್ಕಕ್ಕೆ ಟ್ಯಾಂಕಿನ ಸ್ವಂತ ಬೆಲೆ ಬರುವುದಿಲ್ಲ. ಅದನ್ನು ದೋಷವಿರುವ ಸರಕು ಎಂದು ಬೇರೆಯಾಗಿ ಕೇಳುತ್ತಿದ್ದೇವೆ. ನಮ್ಮ ಟ್ಯಾಂಕ್ ಕಟ್ಟಿದವರೂ ಮಾರಿದವರೂ ಅದೇ ಅಂಗಡಿ, ಆದ್ದರಿಂದ ಬೇರೆಯವರ ಮೇಲೆ ಹಾಕಲು ಅವರಿಗೆ ದಾರಿಯಿಲ್ಲ. ಬಿಲ್ ಕಚ್ಚಾ ಚೀಟಿ, ಆದರೆ ಯುಪಿಐ ದಾಖಲೆ ಇದೆ, ಅಳತೆ ಮತ್ತು ಗಾಜಿನ ದಪ್ಪ ಮಾತಾಡಿದ ವಾಟ್ಸಾಪ್ ಸಂದೇಶಗಳಿವೆ.

15 ದಿನದ ನೋಟಿಸ್ ಕಳಿಸಿದ್ದೇವೆ. ಉತ್ತರ ಬರದಿದ್ದರೆ ಗ್ರಾಹಕ ದೂರುಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ಹಾಕುತ್ತೇವೆ. ನಮಗೆ ಬಾಂದ್ರಾ ಪೂರ್ವದ ಉಪನಗರ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಇರುವ ಊರಲ್ಲೇ ದೂರು ಕೊಡಬಹುದು ಅನ್ನೋದು ಈ ಕಾಯ್ದೆಯ ದೊಡ್ಡ ಉಪಕಾರ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾಲಾವಕಾಶ 2 ವರ್ಷ. ದೋಷ ನೋಡಿ ಗೊತ್ತಾಗದಿದ್ದರೆ ಆಯೋಗ ಮಾದರಿಯನ್ನು ಲ್ಯಾಬ್‌ಗೆ ಕಳಿಸಬಹುದು. ಅದಕ್ಕೇ ಬಾಲ್ಕನಿಯ ಗಾಜನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತಿದ್ದೇನೆ.

ಮಧ್ಯಸ್ಥಿಕೆಗೆ ಕರೆದರೆ ಹೋಗುತ್ತೇನೆ. ಟ್ಯಾಂಕಿನ ಬೆಲೆಯಲ್ಲಿ ಸ್ವಲ್ಪ ಬಿಡಲು ಸಿದ್ಧ. ಕಾಕು ಮನೆಯ ಸೀಲಿಂಗಿಗೆ ಕೊಟ್ಟ ಹಣದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಬಿಡುವುದಿಲ್ಲ.