ಮುಳ್ಳಯ್ಯನಗಿರಿ ತಪ್ಪಿತು, ಹೈಕೋರ್ಟು ಸಿಕ್ಕಿತು

ಚಿಕ್ಕಮಗಳೂರಿಗೆ ಹೋಗಿಯೂ ಮುಳ್ಳಯ್ಯನಗಿರಿ ಹತ್ತದೆ ವಾಪಸ್ ಬಂದವರು ನಾವೇ ಇರಬೇಕು. ಕೈಮರದ ಚೆಕ್‌ಪೋಸ್ಟ್‌ನಲ್ಲಿ ಕಾರು ನಿಲ್ಲಿಸಿ "ಬುಕಿಂಗ್ ತೋರಿಸಿ" ಅಂದರು. ಯಾವ ಬುಕಿಂಗು? ಗಿರಿಗೆ ಹೋಗುವ ಗಾಡಿಗಳು ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಬೇಕು, ಬೆಳಗ್ಗೆಗೆ ಬೇರೆ, ಮಧ್ಯಾಹ್ನಕ್ಕೆ ಬೇರೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಅಲ್ಲೇ ಫೋನ್ ತೆಗೆದು ನೋಡಿದರೆ ಅವತ್ತಿನದು ಭರ್ತಿ. ತಪ್ಪು ನಮ್ಮದೇ. ಆದರೂ ಧಾರವಾಡದಿಂದ ಸುಮಾರು 300 ಕಿಲೋಮೀಟರ್ ಬಂದು, ಬುಡದಲ್ಲಿ ನಿಂತು ತುದಿ ನೋಡಿ ಕಾರು ತಿರುಗಿಸುವಾಗ ಹೊಟ್ಟೆ ಉರಿಯುತ್ತದೆ, ಅಲ್ವಾ? ಹೋಗುವವರು ಹೊರಡುವ ಮೊದಲು ಮನೆಯಲ್ಲಿ ಕೂತೇ ಬುಕ್ ಮಾಡಿ. ಆದಷ್ಟು ಶನಿವಾರ, ಭಾನುವಾರ ತಪ್ಪಿಸಿ.

ನಮ್ಮ ಯಜಮಾನರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಹಿಂದಿನ ಸೀಟಿನಿಂದ ಅತ್ತೆ ಮಾತ್ರ, "ಗುಡ್ಡ ಎಲ್ಲಿಗೂ ಓಡಿ ಹೋಗಂಗಿಲ್ಲ, ನಡೀರಿ. ಊಟದ ಹೊತ್ತಾತು" ಅಂದರು.

ಹಿಂದಿನ ಎರಡು ದಿನ ಬೇಲೂರು, ಹಳೇಬೀಡು ಆಗಿತ್ತು. ಅವುಗಳ ಬಗ್ಗೆ ನಾನು ಹೊಸದಾಗಿ ಬರೆಯುವುದೇನಿಲ್ಲ. ಬೇಲೂರಿನಲ್ಲಿ ಜನ ಎಷ್ಟಿದ್ದರೆಂದರೆ ಶಿಲಾಬಾಲಿಕೆಯರಿಗಿಂತ ಸೆಲ್ಫಿ ಕಡ್ಡಿಗಳೇ ಜಾಸ್ತಿ ಕಂಡವು. ನನ್ನನ್ನು ಕೇಳಿದರೆ ಬೆಳವಾಡಿಗೆ ಹೋಗಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಮೂವರೂ ಒಂದೇ ಗುಡಿಯಲ್ಲಿ. ಕನ್ನಡಿಯಂತೆ ಹೊಳೆಯುವ ಕಂಬಗಳ ನಡುವೆ ಕಾಲು ಚಾಚಿ ಕೂತರೂ ಕೇಳುವವರಿಲ್ಲ. ಪೇಟೆಯಲ್ಲಿ ಕುಡಿದ ಕಾಫಿ ಬಗ್ಗೆ ಬರೆಯದಿರುವುದೇ ಒಳ್ಳೆಯದು. ಕಾಫಿ ಬೆಳೆಯುವ ಊರಲ್ಲಿ ಅಷ್ಟೊಂದು ಚಿಕೋರಿ ಯಾಕೆ ಹಾಕುತ್ತಾರೋ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಉಳಿದಿದ್ದು ಮೂಡಿಗೆರೆ ದಾಟಿ ಬಣಕಲ್ ಕಡೆಯ ಒಂದು ಹೋಮ್‌ಸ್ಟೇನಲ್ಲಿ. ಗಿರಿ ತಪ್ಪಿಸಿಕೊಂಡು ಮಧ್ಯಾಹ್ನವೇ ವಾಪಸ್ ಬಂದಾಗ ಮನೆ ಖಾಲಿ. ಗೇಟಿನ ಹತ್ತಿರ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಕೆಳಗೆ, ಎಂಬತ್ತರ ಹತ್ತಿರದ ಒಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಧ್ವನಿ ಜೋರಾಗಿತ್ತು. ಧಾರಾವಾಹಿ ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ "ಮೈ ಲಾರ್ಡ್" ಅಂತ ಕೇಳಿಸಿತು.

"ಹೈಕೋರ್ಟು. ಯೂಟ್ಯೂಬಲ್ಲಿ ಬರುತ್ತೆ. ಇಲ್ಲಿ ಗೇಟಿನ ಹತ್ರ ಮಾತ್ರ ನೆಟ್‌ವರ್ಕ್ ಸಿಗೋದು ಮಾರಾಯ್ರೇ" ಅಂದರು.

ಹೋಮ್‌ಸ್ಟೇ ಮಾಲೀಕರ ಅಣ್ಣ ಅವರು. ಜಿಲ್ಲೆಯ ಬೇರೆ ಬೇರೆ ಕೋರ್ಟುಗಳಲ್ಲಿ ಕೆಲಸ ಮಾಡಿ, ಶಿರಸ್ತೇದಾರರಾಗಿ, ಅಂದರೆ ಕೋರ್ಟು ಕಚೇರಿಯ ಸಿಬ್ಬಂದಿಗೆ ಮುಖ್ಯಸ್ಥರಾಗಿ, ನಿವೃತ್ತರಾದವರು. ನಾವು ಧಾರವಾಡದವರು ಅಂದ ಕೂಡಲೇ ಅವರ ಮೊದಲ ಪ್ರಶ್ನೆ, "ನಿಮಗೀಗ ಸುಖ. ಊರಲ್ಲೇ ಹೈಕೋರ್ಟು ಪೀಠ ಬಂತಲ್ಲ. 2008ರ ಜುಲೈ ತಾನೇ?"

ಹೌದು, 2008ರ ಜುಲೈ. ಮೊದಲು ಸಂಚಾರಿ ಪೀಠ ಅಂತ ಧಾರವಾಡ ಮತ್ತು ಕಲಬುರಗಿಯಲ್ಲಿ ಶುರುವಾಗಿ, 2013ರಲ್ಲಿ ಎರಡೂ ಕಾಯಂ ಆದವು. ನನಗೆ 2008 ಚೆನ್ನಾಗಿ ನೆನಪಿದೆ, ಯಾಕೆಂದರೆ ನಮ್ಮ ಅಪ್ಪನ ಹೊಲದ ಕೇಸು ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದು ಆಗಲೇ. ಅದಕ್ಕೂ ಮೊದಲು ಅಪ್ಪ ತಾರೀಖು ಬಿದ್ದಾಗೆಲ್ಲ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತುತ್ತಿದ್ದರು. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಕಂಕುಳಲ್ಲಿ ಸುರುಳಿ ಸುತ್ತಿದ ಹೊಲದ ನಕ್ಷೆ. ಬೆಂಗಳೂರಿನಲ್ಲಿ ಇಳಿದು ಸ್ಟೇಷನ್ನಿನಲ್ಲೇ ಮುಖ ತೊಳೆದು, ವಿಧಾನಸೌಧದ ಎದುರಿನ ಕೆಂಪು ಕಟ್ಟಡಕ್ಕೆ ಹೋಗಿ, ಮುಂದಿನ ತಾರೀಖು ಕೇಳಿಕೊಂಡು ರಾತ್ರಿ ಮತ್ತೆ ರೈಲು.

"ಅಠಾರಾ ಕಚೇರಿ. ಹಿಂದಿಯಲ್ಲಿ ಅಠಾರಾ ಅಂದ್ರೆ ಹದಿನೆಂಟು. ಸರ್ಕಾರದ 18 ಇಲಾಖೆ ಅಲ್ಲಿದ್ವು, ಅದಕ್ಕೆ ಆ ಹೆಸರು. 1868ಕ್ಕೆ ಕಟ್ಟಿ ಮುಗಿಸಿದ್ದು" ಅಂದರು ಹಿರಿಯರು. ಆಮೇಲೆ ನಗುತ್ತಾ ಇನ್ನೊಂದು ಹೇಳಿದರು. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟಬೇಕೆಂದು ಹೊರಟಿದ್ದರು. ಬೇಡ ಅಂತ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. ವಿಚಾರಣೆ ಎಲ್ಲಿ ನಡೆಯಬೇಕು? ಅದೇ ಕಟ್ಟಡದೊಳಗೆ. "ತನ್ನ ಪ್ರಾಣದ ಕೇಸು ತಾನೇ ಕೇಳಿಸಿಕೊಂಡ ಕಟ್ಟಡ ಅದು!"

ಅಷ್ಟರಲ್ಲಿ ಕಾಫಿ ಬಂತು. ಬೆಲ್ಲದ ಕಾಫಿ, ಚಿಕೋರಿ ಇಲ್ಲದ್ದು. ಇನ್ನೊಂದು ಕುರ್ಚಿ ಬಂತು. ಅತ್ತೆ ಮಲಗಿದರು. ನಾನು ಎರಡು ಗಂಟೆ ಅಲ್ಲಿಂದ ಏಳಲಿಲ್ಲ.

ಇಸವಿಗಳನ್ನು ನೆನಪಿಡಲು ಅವರದೇ ಒಂದು ಉಪಾಯವಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೂ ಹಾಗೇ ಹೇಳಿಕೊಡುತ್ತಿದ್ದರಂತೆ. "ಇವತ್ತು ನಿಮ್ಮನ್ನ ಬಿಡಲಿಲ್ಲ ಅಂದ್ರಲ್ಲ, ಆ ಗಿರಿ ಎತ್ತರ ಎಷ್ಟು? 6,330 ಅಡಿ. ಮೀಟರಲ್ಲಿ ಹೇಳಿದ್ರೆ ಹತ್ತಿರಹತ್ತಿರ 1930. ನಮ್ಮ ಕೋರ್ಟಿಗೆ ಹೈಕೋರ್ಟು ಅಂತ ಹೆಸರು ಬಂದಿದ್ದೂ 1930ರಲ್ಲೇ. ಅದಕ್ಕೆ ಮೊದಲು 1884ರಿಂದ ಮೈಸೂರು ಚೀಫ್ ಕೋರ್ಟು. ಮೂರೇ ಜನ ಜಡ್ಜುಗಳು. ಆಗ ಈ ಜಿಲ್ಲೆಗೆ ಚಿಕ್ಕಮಗಳೂರು ಅನ್ನೋ ಹೆಸರೂ ಇರಲಿಲ್ಲ, ಕಡೂರು ಜಿಲ್ಲೆ. ಚೀಫ್ ಕೋರ್ಟಿಗೂ ಮೊದಲು, ಕಮಿಷನರುಗಳ ಆಳ್ವಿಕೆಯಲ್ಲಿ, ಒಬ್ಬ ಜುಡಿಷಿಯಲ್ ಕಮಿಷನರ್. ಅದಕ್ಕೂ ಹಿಂದೆ ಹುಜೂರ್ ಅದಾಲತ್ತು."

"ಈಗ ಎಷ್ಟು ಜನ ಜಡ್ಜುಗಳು?"

"ಮಂಜೂರಾಗಿರೋದು 62. ಅವರು ರಿಟೈರ್ ಆಗೋ ವಯಸ್ಸೂ 62. ಇದನ್ನೂ ಹಾಗೇ ನೆನಪಿಟ್ಕೊಳ್ಳಿ. ಎಲ್ಲ ಹುದ್ದೆ ಭರ್ತಿ ಆಗಿರುತ್ತೆ ಅಂತ ಮಾತ್ರ ಅಂದ್ಕೋಬೇಡಿ."

ಆ 62ರಲ್ಲಿ ಯಾರು ಧಾರವಾಡಕ್ಕೆ, ಯಾರು ಕಲಬುರಗಿಗೆ, ಯಾರಿಗೆ ಯಾವ ಬಗೆಯ ಕೇಸು ಅನ್ನುವುದನ್ನೆಲ್ಲ ತೀರ್ಮಾನಿಸುವವರು ಮುಖ್ಯ ನ್ಯಾಯಮೂರ್ತಿ. ಅದಕ್ಕೆ ರೋಸ್ಟರ್ ಅನ್ನುತ್ತಾರೆ. ಕೆಲವು ಕೇಸು ಒಬ್ಬರೇ ಕೇಳುತ್ತಾರೆ, ಕೆಲವನ್ನು ಇಬ್ಬರು ಕೂತು ಕೇಳಬೇಕು. ದೊಡ್ಡ ಗೊಂದಲ ಬಂದರೆ ಮೂರು ಅಥವಾ ಹೆಚ್ಚು ಜನರ ಪೂರ್ಣ ಪೀಠ. ಇದೆಲ್ಲ ಅವರು ಹೇಳುತ್ತಾ ಹೋದರು. ಆದರೆ ನನ್ನ ತಲೆ ಅಪ್ಪನ ನಕ್ಷೆಯಲ್ಲೇ ಸಿಕ್ಕಿಕೊಂಡಿತ್ತು. ಕೊನೆಗೆ ಹೇಳಿಯೇಬಿಟ್ಟೆ. ಅಪ್ಪ ಸಾಯುವ ತನಕ ಒಂದೇ ಮಾತು ಆಡುತ್ತಿದ್ದರು, "ಅಷ್ಟು ವರ್ಷ ಹೊತಗೊಂಡು ಹೋದೆ. ಒಂದ್ ಸಲನೂ ನಕ್ಷೆ ಬಿಚ್ಚೋ ಪ್ರಸಂಗನ ಬರಲಿಲ್ಲ ನೋಡವಾ." ತಮ್ಮ ಕಡೆಯಿಂದಲೇ ಏನೋ ಕಡಿಮೆ ಬಿತ್ತು ಅಂತ ಅವರ ಲೆಕ್ಕ.

ಹಿರಿಯರು ಮೊಬೈಲ್ ಕೆಳಗಿಟ್ಟರು. "ಮೊದಲ ಅಪೀಲೋ, ಎರಡನೇದೋ?"

ಎರಡನೆಯದು. ಕೆಳಗಿನ ಕೋರ್ಟಿನಲ್ಲಿ ಒಂದು, ಜಿಲ್ಲಾ ಕೋರ್ಟಿನಲ್ಲಿ ಅದರ ಮೇಲೆ ಒಂದು, ಆಮೇಲೆ ಹೈಕೋರ್ಟಿಗೆ.

"ಹಾಗಾದ್ರೆ ಆರ್‌ಎಸ್‌ಎ, ರೆಗ್ಯುಲರ್ ಸೆಕೆಂಡ್ ಅಪೀಲು. ಅದರಲ್ಲಿ ನಕ್ಷೆ ಬಿಚ್ಚೋದು ಅಪರೂಪ. ಬದು ಎಲ್ಲಿತ್ತು, ಬೇಲಿ ಯಾರು ಹಾಕಿದ್ರು, ಸಾಕ್ಷಿ ಸುಳ್ಳೋ ನಿಜವೋ, ಅದನ್ನೆಲ್ಲ ಕೆಳಗಿನ ಎರಡು ಕೋರ್ಟು ನೋಡಿ ಮುಗಿಸಿರುತ್ತೆ. ಎರಡನೇ ಅಪೀಲಲ್ಲಿ ಹೈಕೋರ್ಟು ನೋಡೋದು ಕಾನೂನಿನ ಪ್ರಶ್ನೆ ಮಾತ್ರ. ಅದೂ ಗಟ್ಟಿ ಪ್ರಶ್ನೆ ಇರಬೇಕು. ಸಿವಿಲ್ ಪ್ರೊಸೀಜರ್ ಕೋಡ್, ಸೆಕ್ಷನ್ 100. 1976ರ ತಿದ್ದುಪಡಿ ಆದಮೇಲಂತೂ ಇನ್ನೂ ಬಿಗಿ. ನಿಮ್ಮಪ್ಪಂದು ಏನೂ ತಪ್ಪಿಲ್ಲ. ನಕ್ಷೆ ತಗೊಂಡು ಹೋಗೋ ಅಗತ್ಯ ಇಲ್ಲ ಅಂತ ಯಾರಾದ್ರೂ ಅವರಿಗೆ ಕೂರಿಸಿ ಹೇಳಬೇಕಿತ್ತು, ಅಷ್ಟೇ."

ನಾನು ಸುಮ್ಮನೆ ಕೂತೆ. ಅಷ್ಟು ವರ್ಷದ ಮಾತಿಗೆ ಉತ್ತರ ಇಷ್ಟು ಸಣ್ಣದಾ ಅನಿಸಿತು. ಇದನ್ನು ಈಗ ಯಾರಿಗೆ ಹೇಳಲಿ?

ಅವರಿಗೆ ಗೊತ್ತಾಗಿರಬೇಕು. ಮಾತು ಬದಲಿಸಲು ಎಡಗೈ ಹೆಬ್ಬೆರಳು ತೋರಿಸಿದರು. ತುದಿಯ ಚರ್ಮ ದಪ್ಪವಾಗಿ, ಹಳದಿಯಾಗಿ, ಮೇಲೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಅಪೀಲು ಹೋದಾಗ ಹೈಕೋರ್ಟಿನಿಂದ ಮೂಲ ದಾಖಲೆ ಕಳಿಸಿ ಅಂತ ಪತ್ರ ಬರುತ್ತಿತ್ತು. ಎಲ್‌ಸಿಆರ್, ಅಂದರೆ ಕೆಳಗಿನ ಕೋರ್ಟಿನ ಇಡೀ ಕಟ್ಟು. ಹಾಳೆಗಳಿಗೆ ಒಂದೊಂದಾಗಿ ನಂಬರು ಹಾಕಬೇಕು. ವಾದಿಯ ದಾಖಲೆ ಪಿ-1, ಪಿ-2, ಪ್ರತಿವಾದಿಯದು ಡಿ-1, ಡಿ-2 ಅಂತ ಸಾಲಾಗಿ ಜೋಡಿಸಬೇಕು. ಮೇಲೆ ಪಟ್ಟಿ ಬರೆದು, ದಬ್ಬಣದಲ್ಲಿ ತೂತು ಮಾಡಿ, ದಾರ ಪೋಣಿಸಿ ಹೊಲಿಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ದಾರ ಬಿಗಿದರೆ ಹಾಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಹಾಳೆ ಜಾರುತ್ತದೆ. ಅದಕ್ಕೆ ಇವರು ಮನೆಯಿಂದ ಬಲ್ಬಿನ ಡಬ್ಬ ತರುತ್ತಿದ್ದರಂತೆ. ಒಳಗೆ ಉರಿಯುವ ಬಲ್ಬು, ಮೇಲೆ ಒಣಗಲು ಇಟ್ಟ ಹಾಳೆಗಳು. ಏಲಕ್ಕಿ ಒಣಗಿಸಿದ ಹಾಗೆ!

"ಒಂದು ಸಲ ಆಗಸ್ಟ್ ತಿಂಗಳಲ್ಲಿ ಕಟ್ಟನ್ನ ನಾನೇ ಬಸ್ಸಲ್ಲಿ ಬೆಂಗಳೂರಿಗೆ ತಗೊಂಡು ಹೋದೆ. ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿ, ತೊಡೆ ಮೇಲೆ ಇಟ್ಕೊಂಡು. ಪಕ್ಕದವನು ಮಗು ಅಂದ್ಕೊಂಡಿದ್ದ."

ನಿಮ್ಮ ಕಡೆಯವರಿಗೆ ಇನ್ನೂ ಬೆಂಗಳೂರೇನಾ ಅಂತ ಕೇಳಿದೆ. ಹೌದಂತೆ. ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೇ ಸೇರಿದವು. ಮಂಗಳೂರಿಗೊಂದು ಪೀಠ ಬೇಕು ಅಂತ ಕರಾವಳಿಯವರು ಕೇಳುತ್ತಿದ್ದಾರೆ. ಬಂದರೆ ಇವರನ್ನು ಎತ್ತ ಸೇರಿಸುತ್ತಾರೋ ಅನ್ನುವ ಕುತೂಹಲ ಅವರಿಗೆ. "ಬೆಂಗಳೂರಿನ ರಸ್ತೆ ಉದ್ದ, ಮಂಗಳೂರಿಗೆ ಹೋಗಬೇಕಂದ್ರೆ ಘಟ್ಟ. ಕಕ್ಷಿದಾರನಿಗೆ ಎರಡೂ ಒಂದೇ. ಈಗ ವಿಡಿಯೋದಲ್ಲೂ ವಾದ ಮಾಡ್ತಾರೆ ಅನ್ನಿ. ಅದಕ್ಕೂ ಈ ಗೇಟಿನ ಹತ್ರ ಬಂದು ನಿಲ್ಲಬೇಕು."

ಎದ್ದು ನಿಂತಾಗ ಅವರು ಹೇಳಿದ ಕೊನೆಯ ಸಂಗತಿ ಇಡೀ ಪ್ರವಾಸದಲ್ಲೇ ನನಗೆ ಜಾಸ್ತಿ ಹಿಡಿಸಿತು. "ನಾಳೆ ಧರ್ಮಸ್ಥಳಕ್ಕೆ ತಾನೇ? ಚಾರ್ಮಾಡಿಯಲ್ಲಿ ಜಿಲ್ಲೆ ಬದಲಾಗೋ ಕಡೆ ಒಂದು ನಿಮಿಷ ನಿಲ್ಲಿ. 1956ಕ್ಕೆ ಮೊದಲು ಅಲ್ಲಿ ಹೈಕೋರ್ಟೇ ಬದಲಾಗ್ತಿತ್ತು. ಮೇಲಿನವನಿಗೆ ಮೈಸೂರು ಹೈಕೋರ್ಟು. ನಾಲ್ಕು ತಿರುವು ಕೆಳಗಿನವನಿಗೆ ಮದ್ರಾಸ್ ಹೈಕೋರ್ಟು. ನಿಮ್ಮ ಧಾರವಾಡದವರಿಗೆ ಬೊಂಬಾಯಿ. ಕಲಬುರಗಿಯವರಿಗೆ ಹೈದರಾಬಾದು. ಕನ್ನಡದ ಜಗಳ ಎಲ್ಲಿಗೆಲ್ಲ ಹೋಗ್ತಿತ್ತು ನೋಡಿ. 1956ರ ನವೆಂಬರ್ ಒಂದಕ್ಕೆ ಎಲ್ಲ ಒಂದೇ ಕೋರ್ಟಿಗೆ ಬಂದ್ವು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕೋರ್ಟಿನ ಹೆಸರೂ ಕರ್ನಾಟಕ ಹೈಕೋರ್ಟು ಆಯ್ತು."

ಮರುದಿನ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ನಾನು ಐದು ತಿಂದೆ, ಅತ್ತೆ "ಇದೇನು ಬಾಯಾಗ ಹೋದದ್ದs ಗೊತ್ತಾಗಂಗಿಲ್ಲ" ಅಂತ ರೊಟ್ಟಿಯನ್ನೇ ನೆನೆಸಿಕೊಂಡರು. ಘಟ್ಟದಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಕ್ಷಿಣ ಕನ್ನಡ ಶುರುವಾಗುವಲ್ಲಿ ಕಾರು ನಿಲ್ಲಿಸಿ ಅಂತ ಹಟ ಮಾಡಿ ನಿಲ್ಲಿಸಿದೆ. ಯಜಮಾನರು ಹಜಾರ್ಡ್ ಲೈಟ್ ಹಾಕಿ, ಎರಡೇ ನಿಮಿಷ ಅಂದರು. ಇಳಿದೆ. ಒದ್ದೆ ಟಾರು, ತಡೆಗೋಡೆ, ಗೋಡೆಯ ಮೇಲೆ ಕೂತು ನಮ್ಮ ಚೀಲವನ್ನೇ ನೋಡುತ್ತಿದ್ದ ಒಂದು ಕೋತಿ. ಒಂದು ಹೆಜ್ಜೆ ಮುಂದಿಟ್ಟೆ, ಮದ್ರಾಸು. ಹಿಂದಿಟ್ಟೆ, ಮೈಸೂರು.

ಅತ್ತೆ ಕಿಟಕಿ ಇಳಿಸಿ, "ಏನ್ ನೋಡಾಕತ್ತಿ ಅಲ್ಲೆ?" ಅಂದರು.

"ಹೈಕೋರ್ಟು."

"ಹೈಕೋರ್ಟ್ ನೋಡಾಕ ಇಷ್ಟ್ ದೂರ ಬರಬೇಕಿತ್ತೇನು? ನಮ್ಮೂರಾಗ ಐತಲ್ಲ. ಹತ್ತು ಒಳಗ, ಥಂಡಿ ಆಗ್ತದ."